ಎಲ್-70 ತೋಪು: ಹಿಂದೆ ನಿಂತು ಗುಂಡು ತುಂಬಿದವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಎಲ್-70 ಅಂದರೆ ನೆಲದಿಂದ ವಿಮಾನಕ್ಕೆ ಹೊಡೆಯುವ ತೋಪು, ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಆದರೆ ಬೆಂಕಿಪೊಟ್ಟಣದಿಂದ ಬೈಕಿನವರೆಗೆ ಏನು ಕೊಂಡರೂ ತೆರಿಗೆ ಕಟ್ಟುತ್ತೀರಲ್ಲ, ಅದರಲ್ಲಿ ಒಂದು ಚೂರು ಇದಕ್ಕೂ ಹೋಗಿದೆ. ಕೊಟ್ಟ ದುಡ್ಡಿಗೆ ಏನು ಬಂತು ಅಂತ ತಿಳಿಯಬೇಕಲ್ವಾ?

ನಾನು ಅರಕಲಗೂಡು ಕಡೆಯವನು. ಭೂಸೇನೆಯ ವಾಯು ರಕ್ಷಣಾ ದಳದಲ್ಲಿ, ಅಂದರೆ ಆರ್ಮಿ ಏರ್ ಡಿಫೆನ್ಸ್‌ನಲ್ಲಿ, ಲೋಡರ್ ಆಗಿ ಶುರು ಮಾಡಿ ಹವಾಲ್ದಾರ್ ಆಗಿ ಹೊರಬಂದೆ. ಈಗ ಹಾಸನದಲ್ಲಿ ಒಂದು ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರಲ್ ಬಂದೂಕು ಹಿಡಿದು ಕೂರುತ್ತೇನೆ. ನನ್ನ ಸರ್ವಿಸ್‌ನ ಬಹುಪಾಲು ಕಳೆದದ್ದು ಒಂದೇ ತೋಪಿನ ಸುತ್ತ. ಅದರ ಗ್ರೀಸ್ ವಾಸನೆ ಈಗಲೂ ನನ್ನ ಹಳೇ ಟ್ರಂಕಿನಲ್ಲಿದೆ ಅಂತ ಹೆಂಡತಿ ಹೇಳುತ್ತಾಳೆ.

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಬ್ಯಾಂಕಿನ ಪಕ್ಕದ ಟೀ ಅಂಗಡಿಯ ಹುಡುಗ ಕೇಳಿದ, "ಅಣ್ಣಾ, ನೀವೂ ಎಸ್-400 ಹೊಡೀತಿದ್ರಾ?" ಇಲ್ಲಪ್ಪಾ ಅಂದೆ. ಅವನ ಮುಖ ಸಣ್ಣದಾಯಿತು. ಎಸ್-400 ಬಹಳ ದೂರಕ್ಕೆ ಹೊಡೆಯುವ ಕ್ಷಿಪಣಿ ವ್ಯವಸ್ಥೆ, ವಾಯುಪಡೆಯದ್ದು. ದೇಶದ ಆಕಾಶ ಕಾಯುವ ಒಟ್ಟು ಹೊಣೆ ವಾಯುಪಡೆಯದ್ದೇ. ನಮ್ಮ ದಳದ ಕೆಲಸ ಅದಕ್ಕಿಂತ ಕೆಳಗೆ. ಮುಂದೆ ಹೋಗುವ ಟ್ಯಾಂಕುಗಳು, ಪಡೆಗಳು, ಸೇತುವೆ, ಮದ್ದುಗುಂಡಿನ ಡಿಪೋ, ರಡಾರ್, ಕೆಲವು ಕಡೆ ವಾಯುನೆಲೆ ಕೂಡ. ಇವುಗಳ ಮೇಲೆ ತಗ್ಗಿನಲ್ಲಿ ನುಗ್ಗಿ ಬರುವುದನ್ನು ತಡೆಯಬೇಕು. ಮೇಲಿನವರ ಕಣ್ಣು ತಪ್ಪಿಸಿ, ಮರದ ತುದಿ ಸವರಿಕೊಂಡು ಬಂದದ್ದು ಕೊನೆಗೆ ನಮ್ಮ ಪಾಲು.

ಈ ದಳದ ಬೇರು 1940ರಲ್ಲಿದೆ, ಎರಡನೇ ಮಹಾಯುದ್ಧದ ಕಾಲ. ಆಮೇಲೆ ಬಹಳ ವರ್ಷ ಆರ್ಟಿಲರಿಯ, ಅಂದರೆ ಫಿರಂಗಿ ದಳದ, ಒಳಗೇ ಇತ್ತು. 1994ರ ಜನವರಿ 10ರಂದು ಬೇರೆ ದಳವಾಯಿತು. 'ಆಕಾಶೇ ಶತ್ರೂನ್ ಜಹಿ' ಎಂಬುದು ಧ್ಯೇಯವಾಕ್ಯ. ಒಡಿಶಾದ ಗಂಜಾಂ ಜಿಲ್ಲೆಯ ಗೋಪಾಲಪುರದಲ್ಲಿ ಕಾಲೇಜು, ಸಮುದ್ರದ ಕಡೆ ಫೈರಿಂಗ್ ರೇಂಜ್. ಊರಲ್ಲಿ ಯಾರಿಗೂ ಈ ದಳದ ಹೆಸರೇ ಗೊತ್ತಿರಲಿಲ್ಲ. "ಆರ್ಮಿನಾ, ಏರ್‌ಫೋರ್ಸಾ, ಒಂದು ಹೇಳು" ಅಂತ ನಮ್ಮ ಮಾವ ಹೆಣ್ಣು ಕೊಡುವ ಮೊದಲೇ ಕೇಳಿದ್ದರು.

ಈಗ ಸಾಮಾನಿಗೆ ಬರೋಣ.

ಎಲ್-70 ಸ್ವೀಡನ್ನಿನ ಬೋಫೋರ್ಸ್ ಕಂಪನಿಯ ವಿನ್ಯಾಸ. ಬೋಫೋರ್ಸ್ ಅಂದ ಕೂಡಲೇ ಎಲ್ಲರಿಗೂ ಹಗರಣ ನೆನಪಾಗುತ್ತದೆ. ಅದು 1986ರಲ್ಲಿ ಕೊಂಡ 155 ಮಿಲಿಮೀಟರ್ ಹೊವಿಟ್ಜರ್, ನೆಲದಿಂದ ನೆಲಕ್ಕೆ ಹೊಡೆಯುವಂಥದ್ದು. ಇದು ಬೇರೆ, ಇದು ಅದಕ್ಕಿಂತ ಬಹಳ ಹಳೆಯದು. 1950ರ ದಶಕದ ತೋಪು, ನಮ್ಮ ಸೇನೆಗೆ ಬಂದದ್ದು 1960ರ ದಶಕದಲ್ಲಿ. ನಳಿಗೆಯ ಬಾಯಿ 40 ಮಿಲಿಮೀಟರ್. ಅದರ ಎಪ್ಪತ್ತು ಪಟ್ಟು, ಅಂದರೆ 2.8 ಮೀಟರ್, ನಳಿಗೆಯ ಉದ್ದ. ಇದಕ್ಕೂ ಹಿಂದಿನ ಎಲ್-60ರ ನಳಿಗೆ ಗಿಡ್ಡ.

ತೂಕ ಹತ್ತಿರ ಹತ್ತಿರ ಐದು ಟನ್. ಲಾರಿಯ ಹಿಂದೆ ಕಟ್ಟಿ ಎಳೆಯಬೇಕು. ಜಾಗಕ್ಕೆ ಬಂದ ಮೇಲೆ ಜಾಕ್ ಇಳಿಸಿ, ಚಕ್ರ ಎತ್ತಿ, ಮಟ್ಟ ಸರಿ ಮಾಡಬೇಕು. ಇಲ್ಲಿ ಅವಸರ ಮಾಡಿದವರ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ನಮಗೆ ಕಲಿಸುವ ಉಸ್ತಾದ್ ನಮ್ಮನ್ನು ಬಿಡುತ್ತಿರಲಿಲ್ಲ. ಗಟ್ಟಿ ನೆಲವಾದರೆ ಸುಲಭ. ಗದ್ದೆಯ ಮಣ್ಣಾದರೆ ಹಲಗೆ ತುರುಕಿ, ಮತ್ತೆ ಎತ್ತಿ, ಮತ್ತೆ ತುರುಕಿ, ಬೆನ್ನು ಬಿದ್ದುಹೋಗುತ್ತದೆ. 'ಸೆಟಪ್ ಸುಲಭವೇ' ಅಂತ ಕೇಳುವವರಿಗೆ ಉತ್ತರ: ಇಲ್ಲ.

ಗುಂಡಿನ ಕಡೆಗೆ ಬರೋಣ, ಅದು ನನ್ನ ಕ್ಷೇತ್ರ. ಹಿತ್ತಾಳೆಯ ಕೋಶ ಸೇರಿ ಒಂದೊಂದು ಗುಂಡೂ ಎರಡೂವರೆ ಕಿಲೋ ಹತ್ತಿರ. ನಾಲ್ಕು ಸೇರಿದರೆ ಒಂದು ಕ್ಲಿಪ್. ಹಿಂದಿನ ಅಟ್ಟಣೆಯ ಮೇಲೆ ಲೋಡರ್‌ಗಳು ನಿಂತು, ಮನೆ ಕಟ್ಟುವಾಗ ಇಟ್ಟಿಗೆ ಕೈದಾಟಿಸಿದ ಹಾಗೆ ಕ್ಲಿಪ್ಪನ್ನು ಮೇಲಿಂದ ಒಳಗೆ ಕೂರಿಸುತ್ತಾ ಹೋಗಬೇಕು. ತೋಪು ನಿಮಿಷಕ್ಕೆ 240 ಗುಂಡಿನ ವೇಗದಲ್ಲಿ ಹೊಡೆಯುತ್ತದೆ. ಲೆಕ್ಕ ಹಾಕಿ, ಸೆಕೆಂಡಿಗೆ ನಾಲ್ಕು. ನೀವು ಹತ್ತು ಕಿಲೋ ಎತ್ತಿ ಇಡುವಷ್ಟರಲ್ಲಿ ಅದು ಒಂದು ಕ್ಲಿಪ್ ತಿಂದು ಮುಗಿಸಿರುತ್ತದೆ. ಅದಕ್ಕೇ ಒಂದೇ ಸಮನೆ ಹೊಡೆಯುವುದಿಲ್ಲ, ಬಿಟ್ಟು ಬಿಟ್ಟು ಹೊಡೆಯುತ್ತಾರೆ. ನಳಿಗೆಯೂ ಕಾದು ಬಿಸಿಯಾಗುತ್ತದೆ. ಖಾಲಿ ಕೋಶಗಳು ಮುಂದಕ್ಕೆ ಹಾರಿ ಬೀಳುತ್ತವೆ, ಮುಟ್ಟಿದರೆ ಬೊಬ್ಬೆ ಗ್ಯಾರಂಟಿ. ಹೊಸಬರು ಯಾರಾದರೂ ನೆನಪಿಗೆ ಇರಲಿ ಅಂತ ಒಂದನ್ನು ಎತ್ತಿಕೊಳ್ಳಲು ಹೋಗುವುದು, ಉಸ್ತಾದ್ ಬೈಯುವುದು, ಪ್ರತಿ ಬ್ಯಾಚ್‌ನಲ್ಲೂ ಇದ್ದದ್ದೇ. ಕೋಶಗಳನ್ನು ಎಣಿಸಿ ವಾಪಸ್ ಕೊಡಬೇಕು, ಒಂದು ಕಮ್ಮಿಯಾದರೂ ರಾತ್ರಿ ಟಾರ್ಚ್ ಹಿಡಿದು ಹುಡುಕಾಟ.

ಹೊಡೆತದ ದೂರ ಮೂರೂವರೆಯಿಂದ ನಾಲ್ಕು ಕಿಲೋಮೀಟರ್. ಕಾಗದದ ಮೇಲೆ ಇದು ಸಣ್ಣ ಅಂಕಿ. ನಿಜಕ್ಕೂ ಎಷ್ಟು ಕಷ್ಟ ಅಂತ ನೋಡಿ. ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗ. ಗಾಳಿ ತಡೆಯುವುದರಿಂದ ಮೂರು ಕಿಲೋಮೀಟರ್ ಮುಟ್ಟಲು ನಾಲ್ಕೈದು ಸೆಕೆಂಡ್ ಬೇಕು. ಅಷ್ಟರಲ್ಲಿ ಯುದ್ಧವಿಮಾನ ಒಂದು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ವಿಮಾನಕ್ಕೆ ಗುರಿ ಇಟ್ಟರೆ ಪ್ರಯೋಜನವಿಲ್ಲ. ಅದು ಹೋಗಿ ಮುಟ್ಟುವ ಖಾಲಿ ಆಕಾಶಕ್ಕೆ ಹೊಡೆಯಬೇಕು. ಆ ಖಾಲಿ ಜಾಗ ಎಲ್ಲಿ ಅಂತ ಹೇಳುವುದು ತೋಪಿನ ಕೆಲಸವಲ್ಲ, ಪಕ್ಕದ ರಡಾರ್‌ನದು. ನಮ್ಮ ಕಾಲದಲ್ಲಿ ಸೂಪರ್ ಫ್ಲೆಡರ್‌ಮೌಸ್, ಫ್ಲೈಕ್ಯಾಚರ್ ಅಂತ ಎರಡು ಹೆಸರು ಓಡಾಡುತ್ತಿದ್ದವು. ಕೇಬಲ್ ಮೂಲಕ ಲೆಕ್ಕ ಬರುತ್ತದೆ, ತೋಪು ತಾನೇ ತಿರುಗುತ್ತದೆ. ಮೊದಲ ಸಲ ಐದು ಟನ್ ಕಬ್ಬಿಣ ಯಾರೂ ಮುಟ್ಟದೆ ಸರಕ್ಕನೆ ಪಕ್ಕಕ್ಕೆ ಹೊರಳಿದಾಗ ಎದೆ ಧಸಕ್ಕೆಂದಿತ್ತು. ಕಾಲು ಎಲ್ಲಿಡಬೇಕು ಅನ್ನುವುದನ್ನು ಆವತ್ತೇ ಕಲಿತೆ.

ರಡಾರ್ ಇಲ್ಲದಿದ್ದರೆ? ಗುರಿ ಹಿಡಿಯುವವನು, ಅಂದರೆ ಲೇಯರ್, ಸೀಟಿನಲ್ಲಿ ಕೂತು, ಕಣ್ಣಿಂದ ನೋಡಿ, ಜಾಯ್‌ಸ್ಟಿಕ್ ಹಿಡಿದು ತಿರುಗಿಸಬೇಕು. ಕರೆಂಟೂ ಹೋದರೆ ಕೈಯಲ್ಲಿ ಹ್ಯಾಂಡಲ್ ಸುತ್ತಬೇಕು. ನನ್ನ ದೊಡ್ಡ ದೂರು ಇಲ್ಲೇ. ತೋಪು ಗಟ್ಟಿ, ಕಣ್ಣು ಮಂದ.

ಸಂಸತ್ತಿನ ಮೇಲೆ ದಾಳಿಯಾದ ಮೇಲೆ, 2001ರ ಕೊನೆಯಲ್ಲಿ, ಆಪರೇಷನ್ ಪರಾಕ್ರಮ್ ಶುರುವಾಯಿತು. ಇಡೀ ಸೇನೆ ಗಡಿಗೆ ಹೋಗಿ ಕೂತಿತು. ನಮ್ಮ ತೋಪು ಪಂಜಾಬಿನಲ್ಲಿ ಒಂದು ಸೇತುವೆಯ ಹತ್ತಿರ. ಡಿಸೆಂಬರ್, ಜನವರಿಯ ಪಂಜಾಬ್ ಅಂದರೆ ಮಂಜು. ಮಲೆನಾಡಿನ ಅಂಚಿನವನಾದ ನನಗೆ ಮಂಜು ಹೊಸದಲ್ಲ ಅಂದುಕೊಂಡಿದ್ದೆ. ಅಲ್ಲಿಯದು ಬೇರೆ ಜಾತಿ, ಬೆಳಿಗ್ಗೆ ಹತ್ತಾದರೂ ಏಳುವುದಿಲ್ಲ. ತೋಪು ಇಡಲು ತೋಡಿದ ಗುಂಡಿಯಲ್ಲಿ, ಅಂದರೆ ಗನ್ ಪಿಟ್‌ನಲ್ಲಿ, ನಿಂತರೆ ನನ್ನ ತೋಪಿನ ನಳಿಗೆಯ ತುದಿಯೇ ನನಗೆ ಕಾಣುತ್ತಿರಲಿಲ್ಲ. ಲೇಯರ್ ಆಗಿದ್ದ ಮಧುರೆ ಕಡೆಯ ಹುಡುಗ ಸೀಟಿನಲ್ಲಿ ಕೂತು, "ಅಣ್ಣಾ, ಶಬ್ದ ಕೇಳಿದರೆ ಹೇಳಿ, ಆ ಕಡೆ ತಿರುಗಿಸುತ್ತೇನೆ" ಅಂತ ನಗುತ್ತಿದ್ದ. ತಮಾಷೆಯಲ್ಲ ಅದು, ನಿಜಸ್ಥಿತಿ. ರಡಾರ್ ಕೆಟ್ಟು ಕೂತ ದಿನ ನಾವು ಕಿವಿ ಮೇಲೆ ಡ್ಯೂಟಿ ಮಾಡುತ್ತಿದ್ದೆವು.

ತಿಂಗಳುಗಟ್ಟಲೆ ಕಾದೆವು. ಏನೂ ಬರಲಿಲ್ಲ. 2002ರ ಅಕ್ಟೋಬರ್‌ನಲ್ಲಿ ವಾಪಸ್ ಹೋಗಿ ಅಂದರು. ಒಂದು ಗುಂಡೂ ಹಾರಿಸಲಿಲ್ಲ. ಈ ದಳ ಸೇರಬೇಕು ಅಂತಿರುವ ಹುಡುಗರಿಗೆ ಇದನ್ನು ಹೇಳಲೇಬೇಕು: ನಿಮ್ಮ ಸರ್ವಿಸ್‌ನ ಹೆಚ್ಚಿನ ಭಾಗ ಆಕಾಶ ನೋಡಿಕೊಂಡು ಕೂರುವುದರಲ್ಲೇ ಹೋಗುತ್ತದೆ. ಬೆಳಗಿನ ಜಾವ ಸ್ಟ್ಯಾಂಡ್ ಟು, ಅಂದರೆ ದಾಳಿ ಎದುರಿಸಲು ಸಜ್ಜಾಗಿ ನಿಲ್ಲುವುದು, ಸಂಜೆ ಸ್ಟ್ಯಾಂಡ್ ಟು, ನಡುವೆ ನಳಿಗೆ ಉಜ್ಜುವುದು. ಉದ್ದನೆಯ ರಾಡಿಗೆ ಬಟ್ಟೆ ಸುತ್ತಿ, ಎಣ್ಣೆ ಅದ್ದಿ, ಎಲ್ಲರೂ ಒಟ್ಟಿಗೆ ತಳ್ಳುವುದು, ಎಳೆಯುವುದು. ಗೋಪಾಲಪುರದ ಉಪ್ಪುಗಾಳಿಯಲ್ಲಿ ಒಂದು ದಿನ ಬಿಟ್ಟರೆ ಕಂದು ಕಲೆ ಬಂದಿರುತ್ತದೆ.

ಹೊಡೆಯುವ ಖುಷಿ ಇದ್ದದ್ದು ಗೋಪಾಲಪುರದಲ್ಲೇ. ಬಂಗಾಳಕೊಲ್ಲಿಯ ಮೇಲೆ ಪೈಲಟ್ ಇಲ್ಲದ ಪುಟ್ಟ ವಿಮಾನ ಹಾರಿಸುತ್ತಾರೆ, ಅದಕ್ಕೆ ಹೊಡೆಯಬೇಕು. ಇಂಥ ಗುರಿವಿಮಾನ ನಮ್ಮ ಬೆಂಗಳೂರಲ್ಲೂ ತಯಾರಾಗಿದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಡಿಇ ಲ್ಯಾಬಿನ 'ಲಕ್ಷ್ಯ' ಅಂಥದ್ದೇ, ಗುರಿಯನ್ನು ಬಾಲದ ಹಿಂದೆ ಉದ್ದನೆಯ ತಂತಿಯಲ್ಲಿ ಎಳೆದುಕೊಂಡು ಹೋಗುತ್ತದೆ. ಗುರಿಯ ಹತ್ತಿರ ಕಪ್ಪು ಹೊಗೆಯ ಉಂಡೆಗಳು ಸಾಲಾಗಿ ಅರಳಿದರೆ ಇಡೀ ಬ್ಯಾಟರಿ, ಅಂದರೆ ನಮ್ಮ ತೋಪುಗಳ ತಂಡ, ಕೂಗುತ್ತಿತ್ತು. ಗುಂಡು ಗುರಿಗೆ ತಾಗಲೇಬೇಕು ಅಂತಿಲ್ಲ. ಪ್ರಾಕ್ಸಿಮಿಟಿ ಫ್ಯೂಜ್ ಇರುವ ಗುಂಡು ಹತ್ತಿರ ಹೋದರೆ ಸಾಕು, ತಾನೇ ಸಿಡಿದು ಚೂರುಗಳನ್ನು ಎರಚುತ್ತದೆ.

ಇಷ್ಟಾದರೂ 2012ರ ಹೊತ್ತಿಗೆ ನಾವು ಯಾರೂ ಎದೆ ಉಬ್ಬಿಸುವ ಸ್ಥಿತಿಯಲ್ಲಿರಲಿಲ್ಲ. ಆಗಿನ ಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ಪ್ರಧಾನಿಗೆ ಬರೆದ ಪತ್ರ ಬಯಲಾಯಿತಲ್ಲ, ಅದರಲ್ಲಿ ವಾಯು ರಕ್ಷಣೆಯ ಸಾಮಾನು ಶೇಕಡ 97ರಷ್ಟು ಹಳತಾಗಿದೆ ಅಂತಿತ್ತು. ಪೇಪರ್ ಓದಿದವರಿಗೆ ಗಾಬರಿ. ಗನ್ ಪಿಟ್‌ನಲ್ಲಿದ್ದ ನಮಗೆ ಅದರಲ್ಲಿ ಸುದ್ದಿಯೇ ಇರಲಿಲ್ಲ. ಬದಲಿ ತೋಪಿನ ಹುಡುಕಾಟ ವರ್ಷಾನುಗಟ್ಟಲೆ ನಡೆಯಿತು, ಟೆಂಡರ್ ಬಂತು, ಹೋಯಿತು. ಹಳೆಯದೇ ಉಳಿಯಿತು.

ಆದರೆ ಹಳೆಯದನ್ನೇ ರಿಪೇರಿ ಮಾಡಿದ ರೀತಿ ಇದೆಯಲ್ಲ, ಅದಕ್ಕೆ ಚಪ್ಪಾಳೆ ತಟ್ಟಬೇಕು. ಮಾಡಿದ್ದು ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ, ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅನ್ನ ಹಾಕಿದ ಅದೇ ಕಂಪನಿ. ನಳಿಗೆ, ಮೈಕಟ್ಟು ಅದೇ. ತಿರುಗಿಸುವುದಕ್ಕೆ ಹೈಡ್ರಾಲಿಕ್ ಬದಲು ಎಲೆಕ್ಟ್ರಿಕ್ ಮೋಟಾರ್. ಹಗಲಿಗೆ ಕ್ಯಾಮೆರಾ, ರಾತ್ರಿಗೆ ಬಿಸಿಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಇಮೇಜರ್, ದೂರ ಅಳೆಯಲು ಲೇಸರ್. ಗುಂಡು ನಳಿಗೆ ಬಿಡುವ ವೇಗ ಅಳೆಯಲು ಬಾಯಿಯ ಹತ್ತಿರ ಪುಟ್ಟ ರಡಾರ್. ಒಮ್ಮೆ ಗುರಿ ಹಿಡಿದರೆ ಅದರ ಹಿಂದೆ ತಾನೇ ಹೋಗುತ್ತದೆ, ಲೆಕ್ಕವನ್ನೂ ತಾನೇ ಹಾಕುತ್ತದೆ. ಪಕ್ಕದ ರಡಾರ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. 2021ರಲ್ಲಿ ಇದನ್ನು ಅರುಣಾಚಲದ ಚೀನಾ ಗಡಿಗೆ ಕೊಂಡೊಯ್ದದ್ದನ್ನು ಸೇನೆಯೇ ಪತ್ರಕರ್ತರಿಗೆ ತೋರಿಸಿತ್ತು.

ನಿವೃತ್ತಿಯಾದ ಮೇಲೆ ಸೇನೆಯ ಒಂದು ಪ್ರದರ್ಶನದಲ್ಲಿ ಇದರ ಪಕ್ಕ ನಿಂತೆ. ಕಾವಲಿದ್ದ ಹುಡುಗನಿಗೆ ನಾನು ಯಾರು ಅಂತ ಹೇಳಿದ ಮೇಲೆ ಪರದೆಯ ಹತ್ತಿರ ಬಿಟ್ಟ. ದೂರದ ಕಟ್ಟಡದ ಮೇಲೆ ಕೂತಿದ್ದ ಕಾಗೆ ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು. ಅದು ಹಾರಿತು, ಚೌಕಟ್ಟು ಅದರ ಹಿಂದೆಯೇ ಹೋಯಿತು. "ಮಂಜಿನಲ್ಲಿ ಹೇಗೆ?" ಅಂತ ಕೇಳಿದೆ. "ದಟ್ಟ ಇದ್ದರೆ ಇದಕ್ಕೂ ಕಷ್ಟಾನೇ ಸಾಬ್, ಆದರೆ ಕಣ್ಣಿಗಿಂತ ಎಷ್ಟೋ ಮೇಲು" ಅಂದ. ಸುಮ್ನೆ ಹೊಗಳಲಿಲ್ಲವಲ್ಲ, ಹುಡುಗ ಇಷ್ಟವಾದ.

2025ರಲ್ಲಿ ಪರೀಕ್ಷೆಯೂ ಆಯಿತು. ಮೇ 8ರ ರಾತ್ರಿ ಪಾಕಿಸ್ತಾನ 36 ಜಾಗಗಳಿಗೆ 300ರಿಂದ 400 ಡ್ರೋನ್ ಕಳಿಸಿತ್ತು ಅಂತ ಮರುದಿನ ಸರ್ಕಾರದ ಬ್ರೀಫಿಂಗ್‌ನಲ್ಲೇ ಹೇಳಿದರು. ಅವುಗಳನ್ನು ಹೊಡೆದ ಸಾಮಾನುಗಳ ಪಟ್ಟಿಯಲ್ಲಿ ಎಲ್-70, ಜೊತೆಗೆ 23 ಮಿಲಿಮೀಟರ್ ತೋಪುಗಳಾದ ಝಡ್‌ಯು-23, ಶಿಲ್ಕಾ ಎಲ್ಲ ಇದ್ದವು. ಟಿವಿಯಲ್ಲಿ ಕೆಂಪು ಗುಂಡುಗಳ ಸಾಲು ಕತ್ತಲಲ್ಲಿ ಮೇಲಕ್ಕೆ ಹೋಗುವುದನ್ನು ನೋಡಿ, ಇದು ಯಾವ ತೋಪು ಅಂತ ನಾನು ಅದರ ತಾಳದ ಮೇಲೇ ಹೆಂಡತಿಗೆ ಹೇಳಿದೆ. ಎಲ್-70ರದು ಢಬ್ ಢಬ್ ಢಬ್ ಅಂತ ಎಣಿಸಬಹುದಾದ ಬಡಿತ. 23 ಮಿಲಿಮೀಟರ್‌ನದು ಬಟ್ಟೆ ಹರಿದಂಥ ಸದ್ದು.

ಡ್ರೋನ್ ಬಂದ ಮೇಲೆ ಈ ಹಳೇ ತೋಪಿನ ಬೆಲೆ ಏಕೆ ಏರಿತು ಅನ್ನುವುದು ಸರಳ. ಆಕಾಶ್ ಕ್ಷಿಪಣಿ ಒಳ್ಳೆಯ ಸಾಮಾನು, ಅದರ ರಾಜೇಂದ್ರ ರಡಾರ್ ರೂಪಿಸಿದ್ದು ಬೆಂಗಳೂರಿನ ಎಲ್‌ಆರ್‌ಡಿಇ ಲ್ಯಾಬ್. 25 ಕಿಲೋಮೀಟರ್ ದೂರ ಹೊಡೆಯುತ್ತದೆ. ಆದರೆ ಒಂದೊಂದೂ 720 ಕಿಲೋ ತೂಗುವ ಕ್ಷಿಪಣಿ. ಅಂಗಡಿಯಲ್ಲಿ ಸಿಗುವ ಮೋಟಾರು, ಪ್ಲಾಸ್ಟಿಕ್ ರೆಕ್ಕೆಯ ಡ್ರೋನಿಗೆ ಅದನ್ನು ಬಿಟ್ಟರೆ ಶತ್ರುವಿಗೇ ಲಾಭ. ಹೆಗಲ ಮೇಲಿಟ್ಟು ಹೊಡೆಯುವ ಇಗ್ಲಾ ಎಂಜಿನ್ನಿನ ಬಿಸಿ ಹಿಡಿದು ಹೋಗುತ್ತದೆ, ಪುಟ್ಟ ಡ್ರೋನಿನಲ್ಲಿ ಬಿಸಿಯೇ ಕಮ್ಮಿ. ಕಿಲೋ ತೂಕದ ಸಿಡಿಗುಂಡನ್ನು ಹತ್ತಾರು ಎರಚುವ ತೋಪೇ ಅಲ್ಲಿ ಸರಿ.

ಹಾಗಾದರೆ 23 ಮಿಲಿಮೀಟರ್‌ನವೇ ಸಾಕಲ್ಲ ಅಂತ ಕೇಳಬಹುದು. ಝಡ್‌ಯು-23 ಒಂದು ಟನ್ನಿಗಿಂತ ಕಮ್ಮಿ, ಬೆಟ್ಟಕ್ಕೂ ಹತ್ತಿಸಬಹುದು, ಎರಡು ನಳಿಗೆ, ಭಾರೀ ವೇಗ. ಆದರೆ ಎರಡೂವರೆ ಕಿಲೋಮೀಟರ್‌ಗೆ ದಮ್ಮು ಮುಗಿಯುತ್ತದೆ. ಶಿಲ್ಕಾಗೆ ನಾಲ್ಕು ನಳಿಗೆ, ಸ್ವಂತ ರಡಾರ್, ಟ್ಯಾಂಕಿನ ಜೊತೆ ಓಡುವ ಪಟ್ಟಿಚಕ್ರ. ಅದು ನಮಗೆ ಹೊಟ್ಟೆಕಿಚ್ಚಿನ ಸಾಮಾನು. ಶಿಲ್ಕಾದವರು ಗಾಡಿ ಏರಿ ಹೊರಟುಬಿಡುತ್ತಿದ್ದರು, ನಾವು ಇನ್ನೂ ಜಾಕ್ ಎತ್ತುತ್ತಿರುತ್ತಿದ್ದೆವು. ಆದರೂ ದೂರದಲ್ಲಿ, ಒಂದೊಂದು ಗುಂಡಿನ ಪೆಟ್ಟಿನಲ್ಲಿ 40 ಮಿಲಿಮೀಟರ್‌ಗೆ ಅವು ಸಾಟಿಯಲ್ಲ. ಒಂದೇ ಕಡೆ ಕೂತು ಊರು, ಸೇತುವೆ ಕಾಯುವುದಕ್ಕೆ ನಾನು ಎಲ್-70ನ್ನೇ ಆರಿಸುತ್ತೇನೆ. ಟ್ಯಾಂಕಿನ ಜೊತೆ ಹೋಗುವುದಕ್ಕೆ ಖಂಡಿತ ಬೇಡ.

ಹೊಡೆಯುವುದಕ್ಕಿಂತ ಕಷ್ಟದ್ದು ಹೊಡೆಯದೆ ಇರುವುದು. ಮೇಲೆ ಹಾರುತ್ತಿರುವುದು ನಮ್ಮದೋ ಅವರದೋ? 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಮ್‌ನಲ್ಲಿ ವಾಯುಪಡೆಯ ಕ್ಷಿಪಣಿ ವಾಯುಪಡೆಯದೇ ಹೆಲಿಕಾಪ್ಟರನ್ನು ಬೀಳಿಸಿತು. ಒಳಗಿದ್ದ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ದೊಡ್ಡ ತಪ್ಪಾಯಿತು ಅಂತ ವಾಯುಪಡೆಯ ಮುಖ್ಯಸ್ಥರೇ ಒಪ್ಪಿದರು. ಈ ಕೆಲಸ ಮಾಡಿದ ಯಾರಿಗೂ ಆ ಸುದ್ದಿ ಓದಿ ನಿದ್ದೆ ಬಂದಿರಲಿಕ್ಕಿಲ್ಲ. ನಮ್ಮ ಕಾಲದಲ್ಲಿ ಫ್ರೀ (ನಮ್ಮದಲ್ಲದ್ದಕ್ಕೆ ಹೊಡಿ), ಟೈಟ್ (ಶತ್ರು ಅಂತ ಖಾತ್ರಿಯಾದರೆ ಮಾತ್ರ ಹೊಡಿ), ಹೋಲ್ಡ್ (ಹೊಡೆಯದೆ ತಡಿ) ಅನ್ನುವ ಆದೇಶ ವೈರ್‌ಲೆಸ್‌ನಲ್ಲಿ ಬರುತ್ತಿತ್ತು. ಗರಗರ ಸದ್ದಿನ ನಡುವೆ ಯಾವ ಶಬ್ದ ಕೇಳಿತು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ತಿರುಗಿ ಕೇಳಿ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ವಿಮಾನ ಹೋಗಿಯೇ ಬಿಟ್ಟಿರುತ್ತಿತ್ತು.

ಈಗ ಅದಕ್ಕೆ 'ಆಕಾಶ್‌ತೀರ್' ಬಂದಿದೆ. 2023ರ ಮಾರ್ಚ್‌ನಲ್ಲಿ 1,982 ಕೋಟಿ ರೂಪಾಯಿಯ ಗುತ್ತಿಗೆ, ಅದೂ ಬಿಇಎಲ್‌ಗೇ, ಗಾಜಿಯಾಬಾದ್ ಘಟಕಕ್ಕೆ. ಎಲ್ಲ ರಡಾರ್‌ಗಳು ಕಂಡದ್ದನ್ನು ಸೇರಿಸಿ ಒಂದೇ ಚಿತ್ರ ಮಾಡಿ ಕೆಳಗಿನ ಘಟಕದವರೆಗೆ ಮುಟ್ಟಿಸುತ್ತದೆ. ವಾಯುಪಡೆಯ ಜಾಲದ ಜೊತೆಗೂ ಮಾತಾಡುತ್ತದೆ. ನನ್ನ ಲೆಕ್ಕದಲ್ಲಿ ತೋಪಿಗೆ ಹಾಕಿದ ಕ್ಯಾಮೆರಾಗಿಂತ ಇದು ದೊಡ್ಡ ರಿಪೇರಿ. ನಮ್ಮದು ಯಾವುದು ಅಂತ ಪರದೆಯ ಮೇಲೆ ಗೊತ್ತಾಗುವುದಾದರೆ, ಪಿಟ್‌ನಲ್ಲಿ ನಿಂತ ಹುಡುಗನ ತಲೆಯಿಂದ ಅರ್ಧ ಭಾರ ಇಳಿಯಿತು.

ಕೊರತೆಗಳೂ ಇವೆ. ಅಪ್‌ಗ್ರೇಡ್ ಆದ ಮೇಲೂ ಕ್ಲಿಪ್ ತುಂಬುವುದು ಮನುಷ್ಯನೇ. ರಾತ್ರಿಯಿಡೀ ಅಲೆ ಅಲೆಯಾಗಿ ಡ್ರೋನ್ ಬಂದರೆ ಮೊದಲು ಸೋಲುವುದು ಲೋಡರ್‌ನ ತೋಳು. ಅವನಿಗೆ ಮರೆಯೂ ಇಲ್ಲ, ಅಟ್ಟಣೆ ಬಯಲಿನಲ್ಲೇ ಇದೆ. ಗುಂಡು ಬೇಗ ಖಾಲಿಯಾಗುತ್ತದೆ, ಲಾರಿ ಹತ್ತಿರವೇ ಇರಬೇಕು. ಜಾಗ ಬದಲಿಸುವುದು ನಿಧಾನ. ಒಮ್ಮೆ ಹೊಡೆದ ಮೇಲೆ ತೋಪು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಇಷ್ಟು ವಯಸ್ಸಾದ ತೋಪಿಗೆ ಇನ್ನೆಷ್ಟು ಕಾಲ ಹೊಸ ಕನ್ನಡಕ ಹಾಕಿಸುತ್ತಾ ಇರುತ್ತೀರಿ ಅನ್ನುವ ಪ್ರಶ್ನೆಯೂ ಇದ್ದೇ ಇದೆ. ಬದಲಿ ಬರಲಿ, ನನಗೇನೂ ಬೇಜಾರಿಲ್ಲ. ಬರುವವರೆಗೆ ಇದನ್ನು ಗುಜರಿಗೆ ಹಾಕಬೇಡಿ.

ಇನ್ನು ಸದ್ದು. ನನ್ನ ಎಡಗಿವಿಗೆ ಬ್ಯಾಂಕಿನ ಟೋಕನ್ ಕೂಗು ಕೇಳುವುದಿಲ್ಲ. ಹತ್ತಿ ತುರುಕಿಕೊಂಡರೆ ಸಾಕು ಅನ್ನುತ್ತಿದ್ದ ಕಾಲ ಅದು. ಈಗಿನ ಹುಡುಗರಿಗೆ ಒಳ್ಳೆಯ ಮಫ್ ಕೊಡುತ್ತಾರಂತೆ. ಸೆಕೆಗೆ ಕಿರಿಕಿರಿಯಾದರೂ ತೆಗೆಯಬೇಡಿ ಅಂತ ಯಾರ ಮಗ ಗೋಪಾಲಪುರಕ್ಕೆ ಹೋದರೂ ಹೇಳಿ ಕಳಿಸುತ್ತೇನೆ.

ನಾನು ಬಳಸಿದ ಹಳೇ ಎಲ್-70ಕ್ಕೆ ಮೂರು ಸ್ಟಾರ್, ಎರಡು ಹೋದದ್ದು ಕಣ್ಣಿನ ದೋಷಕ್ಕೆ. ಅಪ್‌ಗ್ರೇಡ್ ಆದದ್ದಕ್ಕೆ ನಾಲ್ಕು. ಲೋಡರ್‌ಗೆ ಒಂದು ತಗಡಿನ ಮರೆಯಾದರೂ ಕಟ್ಟಿಕೊಟ್ಟರೆ ಉಳಿದ ಒಂದನ್ನೂ ಕೊಡುತ್ತೇನೆ.